ಅಂಟು ಹಿಡಿಯಬೇಕಾದದ್ದು ಹುಳುಕು ಹಲ್ಲಿಗೆ

ಗಟ್ಟಿ ಹಲ್ಲಿಗೆ ಯಾರೂ ಫಿಲ್ಲಿಂಗ್ ಹಾಕಿಸಿಕೊಳ್ಳುವುದಿಲ್ಲ. ಹಲ್ಲು ಹುಳುಕಾದ ಮೇಲೆಯೇ ಜನ ಡೆಂಟಲ್ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವುದು. ಆದರೆ ಆ ಫಿಲ್ಲಿಂಗನ್ನು ಹಲ್ಲಿಗೆ ಹಿಡಿದು ನಿಲ್ಲಿಸುವ ಅಂಟಿನ ಬಲವನ್ನು ಪ್ರಯೋಗಾಲಯಗಳು ಸುಮಾರು ನಲವತ್ತು ವರ್ಷ ಕಾಲ ಅಳೆಯುತ್ತ ಬಂದದ್ದು ಹುಳುಕೇ ಇಲ್ಲದ ಹಲ್ಲುಗಳ ಮೇಲೆ. ಜಾಗ ಸಾಲದೆ ಕಿತ್ತುಹಾಕಿದ ಬುದ್ಧಿಹಲ್ಲು, ಹಲ್ಲಿನ ಸಾಲು ಸರಿಪಡಿಸಲೆಂದು ತೆಗೆದ ಮುಂದವಡೆ ಹಲ್ಲು, ಅದೂ ಸಿಗದಿದ್ದರೆ ಕಸಾಯಿಖಾನೆಯಿಂದ ತಂದ ದನದ ಬಾಚಿಹಲ್ಲು. ಅಲ್ಲಿ ಬಂದ ಅಂಕಿಯನ್ನೇ ಕಂಪನಿಗಳು ಅಂಟಿನ ಬಾಟಲಿಯ ಜೊತೆ ಡಾಕ್ಟರ ಮೇಜಿಗೆ ಕಳಿಸುತ್ತಿದ್ದವು.

ರೋಗಿಯ ಬಾಯಿಯಲ್ಲಿ ಆ ಅಂಕಿ ನಿಜವಾಗುತ್ತದೆಯೇ ಎಂಬ ಪ್ರಶ್ನೆ ಅನೇಕರ ಮನಸ್ಸಿನಲ್ಲಿ ಇದ್ದಿರಬೇಕು. ಉತ್ತರ ಹುಡುಕಲು ಮಾತ್ರ ದಾರಿ ಇರಲಿಲ್ಲ. ಹುಳುಕಿನ ತಳದಲ್ಲಿರುವ ಒಂದೆರಡು ಮಿಲಿಮೀಟರ್ ಜಾಗದ ಮೇಲೆ ಅಂಟಿನ ಬಲ ಅಳೆಯುವ ಉಪಾಯ 1994ರವರೆಗೆ ಯಾರ ಕೈಯಲ್ಲೂ ಇರಲಿಲ್ಲ. ಆ ಉಪಾಯ ಹೇಗೆ ಸಿಕ್ಕಿತು, ಸಿಕ್ಕಿದ ಮೇಲೆ ಏನು ಕಂಡಿತು ಎಂಬುದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರುಮಾಡಬೇಕು.

ಮೊದಲಿನ ಫಿಲ್ಲಿಂಗ್‌ಗಳಿಗೆ ಅಂಟೇ ಇರಲಿಲ್ಲ. ಪಾದರಸದಲ್ಲಿ ಬೆಳ್ಳಿ, ತವರದ ಪುಡಿ ಕಲಸಿ ತುಂಬುತ್ತಿದ್ದ ಅಮಾಲ್ಗಮ್ ಹಲ್ಲಿಗೆ ಅಂಟಿಕೊಳ್ಳುವುದಿಲ್ಲ. ಅದು ಬೀಳದೆ ನಿಲ್ಲಬೇಕೆಂದರೆ ಬಾಯಿ ಕಿರಿದು, ಒಳಗೆ ಅಗಲ ಇರುವ ಗುಂಡಿ ಕೊರೆಯಬೇಕು. ಅಮೆರಿಕದ ಜಿ. ವಿ. ಬ್ಲ್ಯಾಕ್ 1908ರ ತಮ್ಮ ಪಠ್ಯಗ್ರಂಥದಲ್ಲಿ ಈ ಗುಂಡಿಗಳ ಆಕಾರವನ್ನು ಕಟ್ಟುನಿಟ್ಟಾಗಿ ವಿವರಿಸಿದ್ದರು. ಹುಳುಕು ಸಾಸಿವೆಯಷ್ಟೇ ಇದ್ದರೂ ಅಕ್ಕಪಕ್ಕದ ಗಟ್ಟಿ ಹಲ್ಲನ್ನೂ ಕೊರೆದು ತೆಗೆಯಬೇಕು. ಮುಂದೆ ಹುಳುಕು ಹರಡದಿರಲಿ ಎಂದು ಇನ್ನಷ್ಟು ಕೊರೆಯಬೇಕು. ಐವತ್ತು ವರ್ಷ ಇದೇ ವೇದವಾಕ್ಯವಾಗಿತ್ತು.

ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿನ ಈಸ್ಟ್‌ಮನ್ ಡೆಂಟಲ್ ಡಿಸ್ಪೆನ್ಸರಿಯಲ್ಲಿದ್ದ ಮೈಕೆಲ್ ಬ್ಯೂನೊಕೋರ್ ಕಾರ್ಖಾನೆಗಳ ಒಂದು ರೂಢಿಯನ್ನು ಗಮನಿಸಿದರು. ಲೋಹದ ಮೇಲೆ ಬಣ್ಣವೋ ರೆಸಿನ್ ಲೇಪವೋ ಚೆನ್ನಾಗಿ ಕೂರಲೆಂದು ಅಲ್ಲಿ ಮೊದಲು ಫಾಸ್ಫಾರಿಕ್ ಆಮ್ಲ ಹಚ್ಚುತ್ತಿದ್ದರು. ಹಲ್ಲಿಗೂ ಹಾಗೇ ಮಾಡಿದರೆ? ಸ್ವಯಂಸೇವಕರ ಬಾಚಿಹಲ್ಲುಗಳ ಮೇಲೆ ಶೇ. 85ರ ಫಾಸ್ಫಾರಿಕ್ ಆಮ್ಲವನ್ನು 30 ಸೆಕೆಂಡ್ ಹಚ್ಚಿ, ತೊಳೆದು, ಒಣಗಿಸಿ, ಅದರ ಮೇಲೆ ಅಕ್ರಿಲಿಕ್‌ನ ಒಂದೊಂದು ತೊಟ್ಟು ಕೂರಿಸಿದರು. ಆಮ್ಲ ಹಚ್ಚದ ಹಲ್ಲಿನ ತೊಟ್ಟುಗಳು ದಿನ ಕಳೆಯುವುದರೊಳಗೆ ಉದುರಿದವು. ಆಮ್ಲ ಹಚ್ಚಿದ ಹಲ್ಲಿನವು ಸರಾಸರಿ ಸಾವಿರ ಗಂಟೆ ದಾಟಿದವು. ಅಂದರೆ ಆರು ವಾರ ಊಟ, ಕಾಫಿ, ಬ್ರಷ್ಷು ಎಲ್ಲವನ್ನೂ ತಡೆದುಕೊಂಡು ಅಲ್ಲೇ ಕೂತಿದ್ದವು. 1955ರಲ್ಲಿ ಅಚ್ಚಾದ ಈ ಪ್ರಬಂಧ ಕೆಲವೇ ಪುಟಗಳದ್ದು. ಇವತ್ತು ಜಗತ್ತಿನ ಯಾವುದೇ ಕ್ಲಿನಿಕ್ಕಿನಲ್ಲಿ ಹಲ್ಲಿಗೆ ನೀಲಿ ಜೆಲ್ ಹಚ್ಚಿ ತೊಳೆಯುವುದನ್ನು ನೋಡಿದರೆ, ಅದು ಈ ಪ್ರಬಂಧದ ಮುಂದುವರಿಕೆಯೇ.

ಆಮ್ಲ ಮಾಡುವ ಕೆಲಸ ಏನೆಂಬುದು 1960ರ ದಶಕದ ಕೊನೆಗೆ ಬ್ಯೂನೊಕೋರ್, ಮಾತ್ಸುಯಿ, ಗ್ವಿನೆಟ್ ಅವರ ಸೂಕ್ಷ್ಮದರ್ಶಕದಲ್ಲಿ ಕಂಡಿತು. ಹಲ್ಲಿನ ಹೊರಕವಚವಾದ ಎನಾಮಲ್ ತೂಕದಲ್ಲಿ ಶೇ. 96ರಷ್ಟು ಖನಿಜ. ಆಮ್ಲ ಅದರಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮ ಗುಳಿ ತೋಡುತ್ತದೆ, ತೆಳುವಾದ ರೆಸಿನ್ ಆ ಗುಳಿಗಳಿಗೆ ಇಳಿದು ಗಟ್ಟಿಯಾಗುತ್ತದೆ. ಬೆಸುಗೆ ರಾಸಾಯನಿಕಕ್ಕಿಂತ ಯಾಂತ್ರಿಕವಾದದ್ದು. ಎನಾಮಲ್‌ನ ಮಟ್ಟಿಗೆ ಸಮಸ್ಯೆ ಅಲ್ಲಿಗೆ ಮುಗಿಯಿತು ಎಂದರೂ ನಡೆಯುತ್ತದೆ.

ಮುಗಿಯದೆ ಉಳಿದದ್ದು ಎನಾಮಲ್‌ನ ಕೆಳಗಿರುವ ಡೆಂಟೀನ್. ಹುಳುಕು ಎನಾಮಲನ್ನು ತೂರಿ ಬಂದು ಹರಡುವುದು ಇಲ್ಲೇ. ಡೆಂಟೀನಿನ ಸ್ವಭಾವವೇ ಬೇರೆ. ತೂಕದಲ್ಲಿ ಶೇ. 70ರಷ್ಟು ಖನಿಜ, ಶೇ. 20ರಷ್ಟು ಕೊಲಾಜೆನ್ ಮೊದಲಾದ ಸಾವಯವ ವಸ್ತು, ಮಿಕ್ಕದ್ದು ನೀರು. ಹಲ್ಲಿನ ತಿರುಳಿನಿಂದ ಹೊರಕ್ಕೆ ಸಾಗುವ ಸೂಕ್ಷ್ಮ ಕೊಳವೆಗಳು ಅದರ ತುಂಬ. ತಿರುಳಿನ ಹತ್ತಿರ ಒಂದು ಚದರ ಮಿಲಿಮೀಟರಿನಲ್ಲಿ 40 ಸಾವಿರಕ್ಕೂ ಹೆಚ್ಚು. ಎಷ್ಟು ಒಣಗಿಸಿದರೂ ಒಳಗಿನಿಂದ ದ್ರವ ಒಸರುತ್ತಲೇ ಇರುತ್ತದೆ. ರೆಸಿನ್‌ಗೆ ನೀರೆಂದರೆ ಆಗದು. 1956ರಲ್ಲಿ ಬ್ಯೂನೊಕೋರ್ ಸ್ವತಃ ಡೆಂಟೀನಿಗೆ ಅಂಟುವ ರೆಸಿನ್ ಒಂದನ್ನು ಪ್ರಯತ್ನಿಸಿದರು. ಹಿಡಿತ ಬಂತು, ನೀರಿನಲ್ಲಿಟ್ಟಾಗ ಸಡಿಲವಾಯಿತು.

ಆ ರೆಸಿನ್‌ನ ಮೂಲ ಸ್ವಿಸ್ ರಸಾಯನಶಾಸ್ತ್ರಜ್ಞ ಆಸ್ಕರ್ ಹ್ಯಾಗರ್ ಅವರದು. ಅವರ ಆಮ್ಲಗುಣದ ರೆಸಿನ್ 1949ರ ಹೊತ್ತಿಗೇ ಸಿದ್ಧವಾಗಿತ್ತು. 1952ರಲ್ಲಿ ಲಂಡನ್ನಿನ ಕ್ರೇಮರ್ ಮತ್ತು ಮೆಕ್‌ಲೀನ್ ಅದನ್ನು ಹಚ್ಚಿದ ಹಲ್ಲನ್ನು ಸೀಳಿ, ಬಣ್ಣ ಹಾಕಿ ನೋಡಿದಾಗ ಅಂಟು ಮತ್ತು ಡೆಂಟೀನ್ ಸೇರುವ ಕಡೆ ಬೇರೆಯದೇ ಆಗಿ ಬಣ್ಣ ಹೀರಿದ ತೆಳು ಪಟ್ಟಿಯೊಂದು ಕಾಣಿಸಿತು. ಕಂಡದ್ದನ್ನು ಬರೆದಿಟ್ಟರು. ಆ ಪಟ್ಟಿಯ ಮಹತ್ವ ತಿಳಿಯಲು ಮೂವತ್ತು ವರ್ಷ ಹಿಡಿಯಿತು. ವಿಜ್ಞಾನದಲ್ಲಿ ಇಂಥ ಸಂಗತಿಗಳು ನನ್ನನ್ನು ಬಹಳ ಕಾಡುತ್ತವೆ. ಕಣ್ಣೆದುರಿಗೇ ಇದ್ದದ್ದು, ಕೇಳುವ ಪ್ರಶ್ನೆ ಬೇರೆಯಾಗಿದ್ದ ಕಾರಣಕ್ಕೆ, ಯಾರಿಗೂ ಬೇಡವಾಗಿ ಬಿದ್ದಿರುತ್ತದೆ.

ಮುಂದಿನ ಹೆಜ್ಜೆಗಳು ಟೋಕಿಯೊದವು. ಟೋಕಿಯೊ ಮೆಡಿಕಲ್ ಅಂಡ್ ಡೆಂಟಲ್ ಯೂನಿವರ್ಸಿಟಿಯ ತಕಾವೊ ಫುಸಾಯಾಮಾ ಅಂಟಿನ ಗೊಡವೆಗೆ ಹೋಗುವ ಮೊದಲೇ ಹುಳುಕನ್ನೇ ಕೂತು ನೋಡಿದವರು. ಹುಳುಕು ಹಲ್ಲುಗಳನ್ನು ಉದ್ದಕ್ಕೆ ಸೀಳಿ, ಎಲ್ಲಿಯವರೆಗೆ ಮೆತ್ತಗಾಗಿದೆ, ಎಲ್ಲಿಯವರೆಗೆ ಬಣ್ಣಗೆಟ್ಟಿದೆ, ಎಲ್ಲಿಯವರೆಗೆ ಬ್ಯಾಕ್ಟೀರಿಯಾ ಇಳಿದಿದೆ ಎಂಬ ಮೂರನ್ನೂ ಅಳೆದು 1966ರಲ್ಲಿ ಪ್ರಕಟಿಸಿದರು. ಮೂರು ಗಡಿಗಳೂ ಒಂದೇ ಕಡೆ ಇರಲಿಲ್ಲ. ಮೆತ್ತಗಾಗುವುದು ಎಲ್ಲಕ್ಕಿಂತ ಮುಂದೆ ಸಾಗುತ್ತದೆ, ಅದರ ಹಿಂದೆ ಬಣ್ಣ ಕೆಡುತ್ತದೆ, ಬ್ಯಾಕ್ಟೀರಿಯಾ ಬರುವುದು ಅದಕ್ಕೂ ಹಿಂದೆ. ಅಂದಮೇಲೆ ಮೆತ್ತಗಿದೆ ಎನ್ನುವ ಒಂದೇ ಕಾರಣಕ್ಕೆ ಕೊರೆದು ತೆಗೆಯುತ್ತಿದ್ದ ಎಷ್ಟೋ ಡೆಂಟೀನಿನಲ್ಲಿ ಸೋಂಕೇ ಇರಲಿಲ್ಲ.

ಇದರಿಂದ ಹುಟ್ಟಿದ್ದು 1972ರ ಎರಡು ಪದರಗಳ ತಿಳಿವಳಿಕೆ. ಮೇಲಿನ ಪದರದಲ್ಲಿ ಬ್ಯಾಕ್ಟೀರಿಯಾ ತುಂಬಿದೆ, ಕೊಲಾಜೆನ್ ಎಳೆಗಳು ಮತ್ತೆ ಸರಿಯಾಗದಷ್ಟು ಕೊಳೆತಿವೆ, ಅದು ಹೋಗಲೇಬೇಕು. ಕೆಳಗಿನ ಪದರದಲ್ಲಿ ಖನಿಜ ಕರಗಿದೆಯೇ ಹೊರತು ಕೊಲಾಜೆನ್ ಕಟ್ಟು ಹಾಗೇ ಇದೆ, ಬ್ಯಾಕ್ಟೀರಿಯಾ ಬಹುಮಟ್ಟಿಗೆ ಇಲ್ಲ; ಅವಕಾಶ ಕೊಟ್ಟರೆ ಮತ್ತೆ ಖನಿಜ ತುಂಬಿಕೊಳ್ಳಬಲ್ಲದು. ಎರಡನ್ನೂ ಕಣ್ಣಿಗೆ ತೋರಿಸಲು ಫುಸಾಯಾಮಾ ಬಣ್ಣದ ದ್ರಾವಣ ಬಳಸಿದರು. ಮೊದಲು ಪ್ರೊಪಿಲೀನ್ ಗ್ಲೈಕಾಲ್‌ನಲ್ಲಿ ಬೇಸಿಕ್ ಫುಕ್ಸಿನ್, ಅದು ದೇಹಕ್ಕೆ ಒಳ್ಳೆಯದಲ್ಲವೆಂಬ ಅನುಮಾನ ಬಂದ ಮೇಲೆ ಆಸಿಡ್ ರೆಡ್. ಹಚ್ಚಿ ತೊಳೆದರೆ ಮೇಲಿನ ಪದರ ಕಡುಕೆಂಪಾಗಿ ಉಳಿಯುತ್ತದೆ, ಕೆಳಗಿನದು ನಸುಗೆಂಪು ಇಲ್ಲವೇ ಬಣ್ಣವೇ ಇಲ್ಲ. ಕೆಂಪಾದದ್ದನ್ನು ಕೆರೆದು ತೆಗೆ, ಉಳಿದದ್ದನ್ನು ಬಿಡು ಎಂಬುದು ಅವರ ಸೂತ್ರ.

ಈ ಸೂತ್ರ ಒಪ್ಪಿಕೊಂಡರೆ ಮುಂದೆ ಅಂಟು ಹಚ್ಚಬೇಕಾದ ನೆಲ ಯಾವುದು? ಗಟ್ಟಿ ಡೆಂಟೀನ್ ಅಲ್ಲ, ಹುಳುಕಿನ ಏಟು ತಿಂದು ಬದುಕುಳಿದ ಆ ಕೆಳಪದರವೇ. ಹಲ್ಲನ್ನು ಉಳಿಸುವ ತತ್ವವೇ ಅಂಟಿಗೆ ಕಷ್ಟದ ನೆಲವನ್ನು ಬಿಟ್ಟುಕೊಟ್ಟಿತ್ತು.

ಡೆಂಟೀನಿಗೂ ಆಮ್ಲ ಹಚ್ಚುವ ಧೈರ್ಯ ಮಾಡಿದವರೂ ಫುಸಾಯಾಮಾ ಅವರೇ. 1979ರಲ್ಲಿ ಅದನ್ನು ಪ್ರಕಟಿಸಿದಾಗ ಅಮೆರಿಕ, ಯೂರೋಪಿನ ಡಾಕ್ಟರುಗಳು ಹೌಹಾರಿದರು. ಆಮ್ಲ ಕೊಳವೆಗಳಲ್ಲಿಳಿದು ತಿರುಳನ್ನು ಸಾಯಿಸುತ್ತದೆಂಬ ಭಯ ಅಲ್ಲಿ ಬೇರೂರಿತ್ತು. ತಿರುಳಿಗೆ ನಿಜವಾದ ಅಪಾಯ ಫಿಲ್ಲಿಂಗಿನ ಅಂಚಿನ ಸಂದಿಯಿಂದ ನುಗ್ಗುವ ಬ್ಯಾಕ್ಟೀರಿಯಾದಿಂದ ಎಂದು ಸ್ಟಾಕ್‌ಹೋಮಿನ ಮಾರ್ಟಿನ್ ಬ್ರಾನ್‌ಸ್ಟ್ರಾಮ್ ಹೇಳುತ್ತಲೇ ಇದ್ದರು. ಆ ಮಾತು ಎಲ್ಲರ ಕಿವಿಗೆ ಬೀಳಲು ಇನ್ನೂ ಹತ್ತು ವರ್ಷ ಬೇಕಾಯಿತು.

ಅದೇ ವಿಶ್ವವಿದ್ಯಾಲಯದ ನೊಬುವೊ ನಾಕಾಬಯಾಶಿ ದಂತವೈದ್ಯರಲ್ಲ, ಪಾಲಿಮರ್ ರಸಾಯನಶಾಸ್ತ್ರದವರು. ಶೇ. 10 ಸಿಟ್ರಿಕ್ ಆಮ್ಲಕ್ಕೆ ಶೇ. 3 ಫೆರಿಕ್ ಕ್ಲೋರೈಡ್ ಬೆರೆಸಿ ಡೆಂಟೀನಿಗೆ ಹಚ್ಚಿ, ಮೇಲೆ 4-ಮೆಟಾ ಎಂಬ ಮಾನೊಮರ್ ಇದ್ದ ರೆಸಿನ್ ಅಂಟಿಸಿದರು. ಆಮೇಲೆ ಮಾಡಿದ ಕೆಲಸದಲ್ಲೇ ಅವರ ಜಾಣ್ಮೆ ಇರುವುದು. ಅಂಟಿಸಿದ ಹಲ್ಲನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿಬಿಟ್ಟರು. ಹಲ್ಲೆಲ್ಲ ಹೋದರೂ ರೆಸಿನ್ನಿನ ತಳಕ್ಕೆ ಅಂಟಿಕೊಂಡ ಕೆಲವೇ ಮೈಕ್ರಾನ್ ದಪ್ಪದ ಒಂದು ಪದರ ಕರಗದೆ ಉಳಿಯಿತು. ಅದು ಬರೀ ಹಲ್ಲಾಗಿದ್ದರೆ ಕರಗಬೇಕಿತ್ತು. ಬರೀ ರೆಸಿನ್ ಆಗಿದ್ದರೆ ಅದರಲ್ಲಿ ಕೊಲಾಜೆನ್ ಇರಬಾರದಿತ್ತು. ಆಮ್ಲ ಖನಿಜವನ್ನು ತೆಗೆದಾಗ ಬಯಲಾದ ಕೊಲಾಜೆನ್ ಎಳೆಗಳ ನಡುವೆ ಮಾನೊಮರ್ ಇಳಿದು, ಅಲ್ಲೇ ಗಟ್ಟಿಯಾಗಿ, ಎಳೆಗಳನ್ನು ಸುತ್ತುವರಿದಿತ್ತು. 1982ರಲ್ಲಿ ಪ್ರಕಟವಾದ ಈ ಪದರಕ್ಕೆ ಮುಂದೆ ಹೈಬ್ರಿಡ್ ಲೇಯರ್ ಎಂಬ ಹೆಸರು ನಿಂತಿತು. ಕ್ರೇಮರ್, ಮೆಕ್‌ಲೀನ್ ಮೂವತ್ತು ವರ್ಷ ಹಿಂದೆ ಕಂಡ ಪಟ್ಟಿಗೆ ಕೊನೆಗೂ ಅರ್ಥ ಸಿಕ್ಕಿತು. 1992ರಲ್ಲಿ ಅಮೆರಿಕದ ಜಾನ್ ಕಾಂಕಾ, ಗ್ವಿನೆಟ್ ಇಬ್ಬರೂ ಬೇರೆ ಬೇರೆಯಾಗಿ, ಆಮ್ಲ ತೊಳೆದ ಮೇಲೆ ಡೆಂಟೀನನ್ನು ಪೂರ್ತಿ ಒಣಗಿಸದೆ ತೇವ ಬಿಟ್ಟರೆ ಅಂಟು ಹೆಚ್ಚು ಗಟ್ಟಿ ಕೂರುತ್ತದೆಂದು ತೋರಿಸಿದರು. ಗಾಳಿ ಹಾಯಿಸಿ ಒಣಗಿಸಿದರೆ ನೀರಿನ ಆಸರೆ ತಪ್ಪಿದ ಎಳೆಗಳು ಒಂದರ ಮೇಲೊಂದು ಕುಸಿದು, ರೆಸಿನ್ ಇಳಿಯುವ ದಾರಿ ಮುಚ್ಚಿಕೊಳ್ಳುತ್ತದೆ.

ಅಂಟುಗಳು ಹೀಗೆ ಬಲವಾಗುತ್ತ ಹೋದಂತೆ ಅಳತೆಗೇ ಒಂದು ಸಂಕಟ ಬಂತು. ಅಂದಿನ ಪರೀಕ್ಷೆ ಸರಳವಾಗಿತ್ತು. ಹಲ್ಲನ್ನು ಮಟ್ಟಸವಾಗಿ ಉಜ್ಜಿ, ಅದರ ಮೇಲೆ ಮೂರು ನಾಲ್ಕು ಮಿಲಿಮೀಟರ್ ಅಗಲದ ರೆಸಿನ್ ಗುಂಡು ಅಂಟಿಸಿ, ಪಕ್ಕದಿಂದ ತಳ್ಳಿ ಕಿತ್ತು ಬರುವ ಬಲವನ್ನು ಬರೆದುಕೊಳ್ಳುವುದು. ಅಂಟು ಸಾಧಾರಣವಾಗಿದ್ದಾಗ ಇದು ನಡೆಯಿತು. ಅಂಟು ಬಲವಾದಾಗ ಬೆಸುಗೆ ಬಿಡದೆ ಡೆಂಟೀನೇ ಚಕ್ಕೆ ಎದ್ದು ಬರತೊಡಗಿತು. ಹಲ್ಲು ಮುರಿದ ಬಲ ಗೊತ್ತಾಯಿತೇ ವಿನಾ ಅಂಟಿನ ಬಲ ಗೊತ್ತಾಗಲಿಲ್ಲ. ಹುಳುಕಿನ ತಳದ ಮೇಲಂತೂ ಈ ಪರೀಕ್ಷೆ ಸಾಧ್ಯವೇ ಇಲ್ಲ. ಆ ಕೆಳಪದರ ಇರುವುದು ಅಂಕುಡೊಂಕಾದ ಚಿಕ್ಕ ತುಣುಕಾಗಿ, ಸುತ್ತಲೂ ಗಟ್ಟಿ ಡೆಂಟೀನ್. ಮೂರು ಮಿಲಿಮೀಟರಿನ ಗುಂಡು ಕೂರಿಸಿದರೆ ಅರ್ಧ ಹುಳುಕಿನ ಮೇಲೆ, ಅರ್ಧ ಗಟ್ಟಿ ಹಲ್ಲಿನ ಮೇಲೆ ಕೂರುತ್ತದೆ.

ಹಿದೆಹಿಕೊ ಸಾನೊ ಟೋಕಿಯೊದಿಂದ ಅಮೆರಿಕದ ಜಾರ್ಜಿಯಾ ರಾಜ್ಯದ ಆಗಸ್ಟಾ ಊರಿಗೆ ಹೋದದ್ದು ಈ ಹೊತ್ತಿನಲ್ಲಿ. ಅಲ್ಲಿನ ಮೆಡಿಕಲ್ ಕಾಲೇಜ್ ಆಫ್ ಜಾರ್ಜಿಯಾದಲ್ಲಿ ಡೇವಿಡ್ ಪ್ಯಾಶ್ಲಿ ಇದ್ದರು. ಡೆಂಟೀನಿನ ಕೊಳವೆಗಳಲ್ಲಿ ದ್ರವ ಹೇಗೆ ಹರಿಯುತ್ತದೆ ಎಂಬುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದ ಅವರ ಪ್ರಯೋಗಾಲಯಕ್ಕೆ ಜಪಾನಿನಿಂದ ಒಬ್ಬರಾದ ಮೇಲೊಬ್ಬರು ಬರುತ್ತಿದ್ದರು. ಸಾನೊ ಅಂಟಿಸುವ ಜಾಗವನ್ನು ಚಿಕ್ಕದು ಮಾಡುತ್ತ ಹೋದರು. ನೀರು ಹಾಯಿಸುತ್ತ ನಿಧಾನ ತಿರುಗುವ ವಜ್ರದ ಗರಗಸದಿಂದ ಅಂಟಿಸಿದ ಹಲ್ಲನ್ನು ತೆಳು ಬಿಲ್ಲೆಗಳಾಗಿ ಸೀಳಿದರು. ಪ್ರತಿ ಬಿಲ್ಲೆಯನ್ನೂ ಬೆಸುಗೆಯ ಕಡೆ ಎರಡೂ ಬದಿಯಿಂದ ಕೆತ್ತಿ ನಡು ಸಣ್ಣದು ಮಾಡಿದರು. ಆ ನಡುವಿನ ಕೊಯ್ತ ಸುಮಾರು ಒಂದು ಚದರ ಮಿಲಿಮೀಟರ್, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಎರಡು ತುದಿಗಳನ್ನೂ ಎಳೆಯುವ ಯಂತ್ರಕ್ಕೆ ಸೂಪರ್ ಗ್ಲೂ ಜಾತಿಯ ಅಂಟಿನಿಂದ ಕೂರಿಸಿ, ನಿಮಿಷಕ್ಕೆ ಒಂದು ಮಿಲಿಮೀಟರ್ ವೇಗದಲ್ಲಿ ಎಳೆದರು.

1994ರಲ್ಲಿ ‘ಡೆಂಟಲ್ ಮೆಟೀರಿಯಲ್ಸ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಮೊದಲ ಓದಿಗೆ ವಿಚಿತ್ರ ಎನ್ನಿಸುತ್ತದೆ. ಜಾಗ ಚಿಕ್ಕದಾದಷ್ಟೂ ಪ್ರತಿ ಚದರ ಮಿಲಿಮೀಟರಿನ ಬಲ ಹೆಚ್ಚುತ್ತ ಹೋಯಿತು. ಕಾರಣ ಯೋಚಿಸಿದರೆ ತಿಳಿಯುತ್ತದೆ. ದೊಡ್ಡ ಬೆಸುಗೆಯಲ್ಲಿ ಎಲ್ಲೋ ಒಂದು ಗಾಳಿಗುಳ್ಳೆ, ಎಲ್ಲೋ ಒಂದು ಬಿರುಕು ಇದ್ದೇ ಇರುತ್ತದೆ, ಒಡೆತ ಅಲ್ಲಿಂದಲೇ ಶುರುವಾಗುತ್ತದೆ. ಚಿಕ್ಕ ತುಣುಕಿನಲ್ಲಿ ಅಂಥ ದೋಷ ಸಿಗುವ ಸಂಭವ ಕಡಿಮೆ, ಬಲವೂ ಸಮನಾಗಿ ಹಂಚಿಹೋಗುತ್ತದೆ. ಹಲ್ಲು ಚಕ್ಕೆ ಏಳುವುದು ನಿಂತು, ಬೆಸುಗೆ ಇರುವ ಕಡೆಯೇ ಬಿಟ್ಟುಕೊಳ್ಳತೊಡಗಿತು. ಈಗ ಅಳೆಯುತ್ತಿದ್ದದ್ದು ನಿಜವಾಗಿ ಅಂಟನ್ನೇ.

ನನ್ನ ದೃಷ್ಟಿಯಲ್ಲಿ ಈ ಕತೆಯ ತಿರುವು ಇಲ್ಲಿದೆ. ಒಂದು ಚದರ ಮಿಲಿಮೀಟರಿನಲ್ಲಿ ಅಳೆಯಲು ಸಾಧ್ಯವಾದರೆ ಒಂದೇ ಹಲ್ಲಿನಲ್ಲಿ ಒಂದು ಬಿಲ್ಲೆ ಹುಳುಕಿನ ತಳದಿಂದ, ಇನ್ನೊಂದು ಬಿಲ್ಲೆ ಪಕ್ಕದ ಗಟ್ಟಿ ಡೆಂಟೀನಿನಿಂದ ತೆಗೆಯಬಹುದು. ಅದೇ ಮನುಷ್ಯನ ಅದೇ ಹಲ್ಲು, ಅದೇ ದಿನ ಹಚ್ಚಿದ ಅದೇ ಅಂಟು. ಇದಕ್ಕಿಂತ ನ್ಯಾಯವಾದ ಹೋಲಿಕೆ ಇನ್ನೊಂದಿಲ್ಲ.

ಮಸಾತೋಷಿ ನಾಕಾಜಿಮಾ, ಸಾನೊ, ಪ್ಯಾಶ್ಲಿ ಮತ್ತು ಸಂಗಡಿಗರು ಅದನ್ನೇ ಮಾಡಿದರು. ಹುಳುಕು ಹಿಡಿದು ಕಿತ್ತ ದವಡೆ ಹಲ್ಲುಗಳನ್ನು ತೆಗೆದುಕೊಂಡು, ಫುಸಾಯಾಮಾ ಪರಂಪರೆಯ ಕೆಂಪು ದ್ರಾವಣ ಹಚ್ಚಿ, ಕೆಂಪಾದ ಮೇಲಿನ ಪದರ ತೆಗೆದು, ಕೆಳಪದರವನ್ನು ಉಳಿಸಿಕೊಂಡರು. ಅಂದಿನ ಮಾರುಕಟ್ಟೆಯ ಮೂರು ಅಂಟುಗಳನ್ನು ಹಚ್ಚಿದರು. 1995ರಲ್ಲಿ ಬಂದ ಅಂಕಿಗಳು ಹೀಗಿವೆ. ಆಲ್ ಬಾಂಡ್ 2 ಗಟ್ಟಿ ಡೆಂಟೀನಿನ ಮೇಲೆ ಸರಾಸರಿ 26.9 ಮೆಗಾಪಾಸ್ಕಲ್, ಹುಳುಕಿನ ತಳದ ಮೇಲೆ 13.0. ಕ್ಲಿಯರ್‌ಫಿಲ್ ಲೈನರ್ ಬಾಂಡ್ 2 ಗಟ್ಟಿಯದರ ಮೇಲೆ 29.5, ಹುಳುಕಿನ ಮೇಲೆ 14.0. ಒಂದು ಮೆಗಾಪಾಸ್ಕಲ್ ಎಂದರೆ ಒಂದು ಚದರ ಮಿಲಿಮೀಟರ್ ಬೆಸುಗೆಯಿಂದ ಸುಮಾರು ನೂರು ಗ್ರಾಂ ತೂಗುಹಾಕಿದಷ್ಟು ಎಳೆತ. ಹಾಗೆ ನೋಡಿದರೆ ಗಟ್ಟಿ ಹಲ್ಲಿನಲ್ಲಿ ಎರಡೂವರೆ ಕಿಲೋಗಿಂತ ಹೆಚ್ಚು ತಡೆದುಕೊಳ್ಳುತ್ತಿದ್ದ ಚೂರು ಬೆಸುಗೆ, ಹುಳುಕಿನ ತಳದಲ್ಲಿ ಒಂದೂಕಾಲು ಕಿಲೋ ದಾಟುತ್ತಿದ್ದಂತೆ ಕೈಬಿಡುತ್ತಿತ್ತು. ಬಾಟಲಿಯ ಜೊತೆ ಬರುತ್ತಿದ್ದ ಅಂಕಿಯಲ್ಲಿ ಅರ್ಧದಷ್ಟು ರೋಗಿಯ ಹಲ್ಲಿಗೆ ಸಿಗುತ್ತಿರಲಿಲ್ಲ.

ಮೂರನೆಯ ಅಂಟು ಮಾತ್ರ ಬೇರೆ ದಾರಿ ಹಿಡಿಯಿತು. ಸ್ಕಾಚ್‌ಬಾಂಡ್ ಮಲ್ಟಿಪರ್ಪಸ್ ಗಟ್ಟಿ ಡೆಂಟೀನಿನ ಮೇಲೆ 20.3, ಹುಳುಕಿನ ಮೇಲೆ 18.5, ಹೆಚ್ಚುಕಡಿಮೆ ಸಮ. ಗಟ್ಟಿ ಹಲ್ಲಿನ ಪರೀಕ್ಷೆಯಲ್ಲಿ ಕೊನೆಯ ಸ್ಥಾನ ಪಡೆದದ್ದು ಹುಳುಕಿನ ತಳದಲ್ಲಿ ಮೊದಲ ಸ್ಥಾನಕ್ಕೆ ಬಂದಿತ್ತು! ಅಷ್ಟೇ ಅಲ್ಲ, ಆಮ್ಲ ಮತ್ತು ಹೈಪೋಕ್ಲೋರೈಟ್‌ನಲ್ಲಿ ಅದ್ದಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅದರ ಹೈಬ್ರಿಡ್ ಪದರ ಅಷ್ಟೇನೂ ಅಚ್ಚುಕಟ್ಟಾಗಿರಲಿಲ್ಲ. ಕ್ಲಿಯರ್‌ಫಿಲ್‌ನದು ಹುಳುಕಿನ ತಳದಲ್ಲೂ ಚೆನ್ನಾಗಿತ್ತು, ಹಿಡಿತ ಮಾತ್ರ ಅರ್ಧವಾಗಿತ್ತು. ನೋಡಲು ಚೆಂದದ ಪದರ ಬಲವಾದ ಬೆಸುಗೆಯೇ ಆಗಿರಬೇಕೆಂದಿಲ್ಲ ಎಂದು ಲೇಖಕರೇ ಒಪ್ಪಿ ಬರೆದರು. ತಮ್ಮ ಊಹೆಗೆ ಪೂರ್ತಿ ಹೊಂದದ ಅಂಕಿಯನ್ನು ಮುಚ್ಚಿಡದೆ ಮುಂದಿಟ್ಟದ್ದಕ್ಕೆ ಆ ಪ್ರಬಂಧದ ಮೇಲೆ ನನಗೆ ಗೌರವ ಹೆಚ್ಚು.

ಮುಂದೆ ಬೇರೆ ಬೇರೆ ಅಂಟುಗಳ ಮೇಲೆ ಬೇಕಾದಷ್ಟು ಪರೀಕ್ಷೆ ನಡೆದವು. ಒಟ್ಟು ಚಿತ್ರ ಬದಲಾಗಲಿಲ್ಲ. ಗಟ್ಟಿ ಡೆಂಟೀನಿಗೆ ಹಿಡಿತ ಹೆಚ್ಚು, ಹುಳುಕಿನ ಕೆಳಪದರಕ್ಕೆ ಕಡಿಮೆ, ಬ್ಯಾಕ್ಟೀರಿಯಾ ತುಂಬಿದ ಮೇಲಿನ ಪದರಕ್ಕೆ ಇನ್ನೂ ಕಡಿಮೆ. ಈ ಮೂರನೆಯದನ್ನು ಯೋಶಿಯಾಮಾ ಮತ್ತು ಸಂಗಡಿಗರು 2002ರಲ್ಲಿ ಅಳೆದು ತೋರಿಸಿದರು.

ಹೀಗೇಕೆ? ಹುಳುಕಿನ ಆಮ್ಲ ಆ ಡೆಂಟೀನಿನ ಖನಿಜವನ್ನು ಮೊದಲೇ ಸಾಕಷ್ಟು ತಿಂದಿರುತ್ತದೆ. ಖನಿಜ ಹೋದ ಜಾಗದಲ್ಲಿ ನೀರು ಸೇರಿಕೊಂಡಿರುತ್ತದೆ. ಡಾಕ್ಟರು ಹಚ್ಚುವ ಆಮ್ಲ ಇಲ್ಲಿ ಗಟ್ಟಿ ಡೆಂಟೀನಿಗಿಂತ ಆಳಕ್ಕಿಳಿಯುತ್ತದೆ, ರೆಸಿನ್ ಅಷ್ಟು ಆಳ ಇಳಿಯಲಾರದು. ಹೀಗಾಗಿ ಹೈಬ್ರಿಡ್ ಪದರ ಗಟ್ಟಿ ಹಲ್ಲಿನಲ್ಲಿರುವುದಕ್ಕಿಂತ ದಪ್ಪವಾಗಿಯೇ ಕಾಣುತ್ತದೆ, ಒಳಗೆ ಟೊಳ್ಳು. ಅದರ ತಳದಲ್ಲಿ ಖನಿಜವೂ ಇಲ್ಲದ, ರೆಸಿನ್ನೂ ತಲುಪದ ಬರೀ ಕೊಲಾಜೆನ್ ಉಳಿದುಬಿಡುತ್ತದೆ. ತೇವ ಹಿಡಿದು ಗಾರೆ ಸಡಿಲವಾದ ಗೋಡೆಗೆ ಒಳ್ಳೆಯ ಬಣ್ಣ ಹೊಡೆದಂತೆ. ಬಣ್ಣ ಗಾರೆಯನ್ನು ಬಿಡುವುದಿಲ್ಲ, ಗಾರೆಯೇ ಗೋಡೆಯನ್ನು ಬಿಟ್ಟುಬರುತ್ತದೆ. ಇನ್ನೊಂದು ಸಂಗತಿಯೂ ಇದೆ. ಹುಳುಕು ಏರಿ ಬರುವಾಗ ಹಲ್ಲು ಸುಮ್ಮನೆ ಕೂರುವುದಿಲ್ಲ, ಕೊಳವೆಗಳಲ್ಲಿ ಖನಿಜದ ಹರಳು ಕಟ್ಟಿ ದಾರಿ ಮುಚ್ಚುತ್ತದೆ. ಹಲ್ಲಿನ ಈ ಆತ್ಮರಕ್ಷಣೆಯೇ ರೆಸಿನ್ ಕೊಳವೆಗಳಿಗೆ ಇಳಿಯದಂತೆ ತಡೆಯುತ್ತದೆ.

ರೋಗಿಯ ಹಲ್ಲು ಪ್ರಯೋಗಾಲಯದ ಹಲ್ಲಿನಂತೆ ಇರುವುದಿಲ್ಲ ಎಂಬುದಕ್ಕೆ ಹುಳುಕೊಂದೇ ಉದಾಹರಣೆ ಅಲ್ಲ. ಕೋಲಾರ, ಪಾವಗಡದ ಕಡೆ ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದ ಕಂದುಗಟ್ಟಿದ ಹಲ್ಲುಗಳನ್ನು ನೋಡಿದವರಿಗೆ ಗೊತ್ತು. ಅಲ್ಲಿ ಕಷ್ಟ ತದ್ವಿರುದ್ಧ. ಫ್ಲೋರೈಡ್ ಸೇರಿದ ಎನಾಮಲ್‌ನ ಮೇಲ್ಮೈ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಹಾಗಾಗಿ ಅಂಟಿಸುವ ಮೊದಲು ಆಮ್ಲವನ್ನು ಹೆಚ್ಚು ಹೊತ್ತು ಬಿಡಬೇಕಾಗುತ್ತದೆ.

ಹುಳುಕಿನ ತಳದ ಬೆಸುಗೆಗೆ ಮೊದಲ ದಿನ ಹಿಡಿತ ಕಡಿಮೆ ಎಂಬಲ್ಲಿಗೆ ಮುಗಿಯಲಿಲ್ಲ. ಲಿಯೊ ತ್ಯಾದರ್‌ಹಾನೆ ಮತ್ತು ಸಂಗಡಿಗರು ಫಿನ್ಲೆಂಡಿನಿಂದ 1998ರಲ್ಲಿ, ಹುಳುಕಿನಲ್ಲಿ ಡೆಂಟೀನ್ ಒಡೆಯುವುದರಲ್ಲಿ ನಮ್ಮದೇ ದೇಹದ ಕಿಣ್ವಗಳ ಪಾಲಿದೆ ಎಂದು ತೋರಿಸಿದ್ದರು. ಆ ಕಿಣ್ವಗಳು ಆಮ್ಲದ ಸಂಪರ್ಕದಲ್ಲಿ ಎಚ್ಚರಗೊಳ್ಳುತ್ತವೆ. 2004ರಲ್ಲಿ ಪ್ಯಾಶ್ಲಿ ಗುಂಪು ಆಮ್ಲ ಹಚ್ಚಿದ ಡೆಂಟೀನನ್ನು ಬ್ಯಾಕ್ಟೀರಿಯಾ ಇಲ್ಲದ ಕೃತಕ ಎಂಜಲಿನಲ್ಲಿ ಸುಮಾರು 250 ದಿನ ಇಟ್ಟು ನೋಡಿತು. ಬಯಲಾಗಿದ್ದ ಕೊಲಾಜೆನ್ ಹೆಚ್ಚುಕಡಿಮೆ ಮಾಯವಾಗಿತ್ತು. ತಿಂದದ್ದು ಡೆಂಟೀನಿನಲ್ಲೇ ಹುದುಗಿದ್ದ ಕಿಣ್ವ. ರೆಸಿನ್ ಸುತ್ತುವರಿಯದ ಕೊಲಾಜೆನ್ ಎಲ್ಲಿ ಹೆಚ್ಚೋ ಅಲ್ಲಿ ಈ ಸವೆತಕ್ಕೂ ಅವಕಾಶ ಹೆಚ್ಚು. ಬಾಯಿ ಮುಕ್ಕಳಿಸುವ ದ್ರಾವಣಗಳಲ್ಲಿರುವ ಕ್ಲೋರ್‌ಹೆಕ್ಸಿಡಿನ್ ಈ ಕಿಣ್ವಗಳನ್ನು ಹತ್ತಿಕ್ಕುತ್ತದೆ. 2005ರಲ್ಲಿ ಬ್ರೆಜಿಲ್‌ನ ಜೋಸಿಮೇರಿ ಹೆಬ್ಲಿಂಗ್ ಮತ್ತು ಸಂಗಡಿಗರು ಅದನ್ನು ಮಕ್ಕಳ ಹಾಲುಹಲ್ಲುಗಳಲ್ಲಿ ಅಂಟಿಗೆ ಮೊದಲು ಹಚ್ಚಿ, ಆರು ತಿಂಗಳ ಮೇಲೂ ಪದರ ಕೆಡದೆ ಉಳಿದದ್ದನ್ನು ಕಂಡರು. ಕಾಲ ಕಳೆದಂತೆ ಈ ರಕ್ಷಣೆಯೂ ಇಳಿಯುತ್ತದೆಂಬುದು ಮುಂದಿನ ಪರೀಕ್ಷೆಗಳಲ್ಲಿ ಗೊತ್ತಾಯಿತು.

ಹಾಗಾದರೆ ಹುಳುಕಿನ ತಳವನ್ನೆಲ್ಲ ಕೊರೆದು ಗಟ್ಟಿ ನೆಲ ಸಿಗುವವರೆಗೆ ಇಳಿಯಬೇಕೆ? ಇಳಿದರೆ ಅಂಟು ಹಿಡಿಯುತ್ತದೆ, ತಿರುಳು ತೆರೆದುಕೊಂಡು ರೂಟ್ ಕೆನಾಲ್‌ಗೆ ದಾರಿಯಾಗುತ್ತದೆ. ಇದಕ್ಕೆ ಬೇಕಾಗಿದ್ದ ಉತ್ತರ ಅದೇ ಆಗಸ್ಟಾದ ಕಾಲೇಜಿನಲ್ಲಿ ತಯಾರಾಗುತ್ತಿತ್ತು. ಅಲ್ಲಿನ ಈವಾ ಮರ್ಟ್ಜ್-ಫೇರ್‌ಹರ್ಸ್ಟ್ ದವಡೆ ಹಲ್ಲುಗಳ ಎದ್ದು ಕಾಣುವ ಹುಳುಕನ್ನು ತೆಗೆಯದೆ ಒಳಗೇ ಬಿಟ್ಟು, ಗುಂಡಿಯ ಸುತ್ತ ಒಂದು ಮಿಲಿಮೀಟರಿನಷ್ಟು ಗಟ್ಟಿ ಎನಾಮಲನ್ನು ಮಾತ್ರ ಓರೆಯಾಗಿ ಕೆತ್ತಿ, ಆಮ್ಲ ಹಚ್ಚಿ, ಮೇಲೆ ರೆಸಿನ್ ಮುಚ್ಚಿದ್ದರು. ಹತ್ತು ವರ್ಷದ ಫಲಿತಾಂಶ 1998ರಲ್ಲಿ ಬಂತು. ಒಳಗಿನ ಹುಳುಕು ಮುಂದಕ್ಕೆ ಹೋಗಿರಲಿಲ್ಲ. ಹೊರಗಿನಿಂದ ಸಕ್ಕರೆ ಸಿಗದೆ ಬ್ಯಾಕ್ಟೀರಿಯಾ ಕಸುವು ಕಳೆದುಕೊಂಡಿದ್ದವು. ನಡುವೆ ಅಂಟು ಹಿಡಿದಿರಲಿಲ್ಲ, ಅಂಚು ಬಿಟ್ಟಿರಲಿಲ್ಲ. ಬ್ಯೂನೊಕೋರ್ 1955ರಲ್ಲಿ ಎನಾಮಲ್‌ಗೆ ಕೊಟ್ಟ ಹಿಡಿತವೇ ಇಡೀ ಹಲ್ಲನ್ನು ಕಾದಿತ್ತು.

ಇಂದಿನ ಪದ್ಧತಿ ಈ ಎರಡೂ ಎಳೆಗಳನ್ನು ಸೇರಿಸಿದೆ. ಹುಳುಕು ತಜ್ಞರ ಅಂತರರಾಷ್ಟ್ರೀಯ ಗುಂಪೊಂದು 2016ರಲ್ಲಿ ಕೊಟ್ಟ ಶಿಫಾರಸು ಹೀಗಿದೆ: ಗುಂಡಿಯ ಅಂಚನ್ನು ಸುತ್ತಲೂ ಗಟ್ಟಿ ಎನಾಮಲ್, ಗಟ್ಟಿ ಡೆಂಟೀನ್ ಸಿಗುವವರೆಗೆ ಶುಚಿ ಮಾಡಬೇಕು, ಅಂಟಿನ ಹಿಡಿತ ಬರಬೇಕಾದದ್ದು ಅಲ್ಲಿಂದ. ಆಳವಾದ ಹುಳುಕಿನಲ್ಲಿ, ತಿರುಳಿನ ಮೇಲ್ಭಾಗದಲ್ಲಿ ಮಾತ್ರ, ಮೆತ್ತಗಿನದನ್ನು ಕೊರೆಯದೆ ಬಿಡಬಹುದು. ಎಲ್ಲಿ ಎಷ್ಟು ಬಿಡಬೇಕೆಂದು ನಿರ್ಧರಿಸಲು ಎಕ್ಸ್-ರೇ ಬೇಕು, ತಿರುಳು ಜೀವಂತವಾಗಿದೆಯೇ ಎಂಬ ಪರೀಕ್ಷೆ ಬೇಕು, ಅನುಭವದ ಕೈ ಬೇಕು.

ಓದುಗರಲ್ಲಿ ನನ್ನದೊಂದು ವಿನಂತಿ. ಹುಳುಕು ಚಿಕ್ಕದಿರುವಾಗಲೇ, ಗುಂಡಿಯ ಸುತ್ತ ಗಟ್ಟಿ ಎನಾಮಲ್ ಇನ್ನೂ ಉಳಿದಿರುವಾಗಲೇ ಡಾಕ್ಟರ ಹತ್ತಿರ ಹೋಗಿ. ನೋವು ಬರಲೆಂದು ಕಾಯಬೇಡಿ. ಮೊದಲು ಹಾಕಿಸಿದ ಫಿಲ್ಲಿಂಗ್ ಬಿದ್ದುಹೋಗಿದ್ದರೆ, ಇನ್ನೂ ಬಲವಾದ ಅಂಟು ಇದೆಯೇ ಎಂದು ಕೇಳುವುದಕ್ಕಿಂತ ಅಂಚಿನಲ್ಲಿ ಗಟ್ಟಿ ಹಲ್ಲು ಎಷ್ಟು ಉಳಿದಿದೆ ಎಂದು ಕೇಳಿ. ಆ ಫಿಲ್ಲಿಂಗ್ ಎಷ್ಟು ವರ್ಷ ನಿಲ್ಲುತ್ತದೆ ಎಂಬುದು ಬಹುಪಾಲು ಅದರ ಮೇಲೆ ನಿಂತಿದೆ.